ಕಿರುಬೆರಳ ಮೋಸ

ಸುಕನ್ಯ ತನ್ನ ಜೀವಮಾನದಲ್ಲಿ ಮೊದಲ ಸಲ ಆಟದಲ್ಲಿ ಮೋಸ ಮಾಡಿದ್ದು ಅರವತ್ತೆಂಟನೆಯ ವಯಸ್ಸಿನಲ್ಲಿ. ಅದೂ ಸೋಲುವುದಕ್ಕೋಸ್ಕರ.

ದೊಮ್ಮಲೂರಿನಲ್ಲಿ ಹುಟ್ಟಿ ಬೆಳೆದವಳು. ಅಜ್ಜಿ ದೊಡ್ಡಮುನಿಯಮ್ಮ ಗುಡಿಯ ಕಲ್ಲುಹಾಸಿನ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಮೊಮ್ಮಕ್ಕಳಿಗೆ ಚೌಕಾಬಾರ ಕಲಿಸುವಾಗ, "ಆಟಕ್ಕೆ ಕುಂತ ಮ್ಯಾಲೆ ಅಕ್ಕಾನೂ ಇಲ್ಲ, ತಂಗೀನೂ ಇಲ್ಲ" ಎಂದೇ ಹೇಳಿಕೊಟ್ಟಿದ್ದಳು. ಆ ಪಾಠ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಮಗ ಲಿಖಿತ್ ಇನ್ನೂ ಸ್ಕೂಲಿಗೆ ಸೇರುವ ಮೊದಲೇ ಹಣ್ಣಾಗಲು ಹೊರಟ ಅವನ ಕಾಯಿಯನ್ನು ಹೊಡೆದು ವಾಪಸ್ ಕಳಿಸಿದ್ದಳು. ಮಗು ಊಟ ಬಿಟ್ಟು ಅತ್ತಿತ್ತು. ಗಂಡ ಗದರಿದ್ದ. ಸುಕನ್ಯ ಮಾತ್ರ, "ನಾಳೆ ನೀನು ನನ್ನದು ಹೊಡಿ" ಎಂದು ಅನ್ನ ಕಲಸಿ ಕೊಟ್ಟಿದ್ದಳು.

ಮಂಡಿ ಆಪರೇಷನ್ ಆದ ಮೇಲೆ, ಮದುವೆಯಾಗಿ ಬಂದ ಹಲಸೂರಿನ ಮನೆಯ ಕಡಿದಾದ ಮೆಟ್ಟಿಲು ಹತ್ತುವುದು ಆಗದೆ, ಇಂದಿರಾನಗರದ ಮಗನ ಫ್ಲ್ಯಾಟಿನಲ್ಲಿ ಹಗಲಿಡೀ ಗೋಡೆ ನೋಡಿಕೊಂಡು ಕೂರುವುದೂ ಬೇಡವಾಗಿ, ಆಕೆ ತಾನಾಗಿಯೇ ಆರಿಸಿಕೊಂಡ ಜಾಗ ದೊಡ್ಡನೆಕ್ಕುಂದಿಯ 'ಸಂಜೆಮಲ್ಲಿಗೆ'. ವಯಸ್ಸಾದವರ ವಾಸಕ್ಕೆಂದು ಕಟ್ಟಿದ ಮೂರಂತಸ್ತಿನ ಮನೆ. ನರ್ಸ್ ಇದ್ದಾರೆ, ಹೊತ್ತಿಗೆ ಸರಿಯಾಗಿ ಊಟವಿದೆ, ಎಲ್ಲಕ್ಕಿಂತ ಹೆಚ್ಚಾಗಿ ಮಾತಿಗೆ ಜನ ಇದ್ದಾರೆ. ಅಲ್ಲಿನ ಫಿಸಿಯೋ ಪ್ರಿಯದರ್ಶಿನಿ ರಾಯಚೂರು ಕಡೆಯ ಹುಡುಗಿ. ಸಂಜೆ ಐದಾಯಿತೆಂದರೆ ಎಲ್ಲರನ್ನೂ ಕೆಳಗಿನ ಹಾಲಿಗೆ ಎಳೆದು ತರುವುದೇ ಅವಳ ಕೆಲಸ.

"ಬರ್ರೀ, ಬರ್ರೀ. ರೂಮಿನ್ಯಾಗ ಕುಂತ್ರ ಮಂಡಿ ಬಿಗೀತಾವ, ಮನಸೂ ಬಿಗೀತೈತಿ. ಆಟ ಆಡಿದ್ರ ಎರಡೂ ಸಡ್ಲ ಆಗ್ತಾವ."

ನೆಲದ ಮೇಲೆ ಕೂರುವ ಶಕ್ತಿ ಯಾರಿಗೂ ಇಲ್ಲದ್ದರಿಂದ ಚೌಕಾಬಾರದ ಮನೆಗಳನ್ನು ದೊಡ್ಡದಾಗಿ ಫ್ಲೆಕ್ಸ್ ಮೇಲೆ ಪ್ರಿಂಟ್ ಹಾಕಿಸಿ ಮೇಜಿಗೆ ಹಾಸಿದ್ದಳು. ಸುಕನ್ಯಳ ಮೇಜಿನಲ್ಲಿ ಮೂವರಿದ್ದರು. ಕಣ್ಣಿಗೆ ಪೊರೆ ಬಂದಿದ್ದರೂ ನಾಲಿಗೆಗೆ ಯಾವ ಪೊರೆಯೂ ಇಲ್ಲದ ಪಟಾಲಮ್ಮ, ಶಿವಾಜಿನಗರದಲ್ಲಿ ಟೈಲರ್ ಅಂಗಡಿ ನಡೆಸಿದ್ದ ಹಸನ್ ಸಾಬ್, ಮತ್ತು ಸುಕನ್ಯ. ನಾಲ್ಕನೆಯ ಕುರ್ಚಿ ಖಾಲಿಯಿತ್ತು.

ಆ ಗುರುವಾರ ಪ್ರಿಯದರ್ಶಿನಿ ಆ ಕುರ್ಚಿಗೆ ಮುನಿರಾಜ್ ಅವರನ್ನು ಕರೆತಂದಳು.

ಎತ್ತರದ ಆಳು. ಟಿನ್ ಫ್ಯಾಕ್ಟರಿ ಹತ್ತಿರ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ ಇಟ್ಟಿದ್ದವರು ಎಂದು ಯಾರೋ ಹೇಳಿದ್ದರು. ಸ್ಟ್ರೋಕ್ ಆಗಿ ಬಲಗೈ ಸ್ವಾಧೀನ ತಪ್ಪಿತ್ತು, ಮಾತು ತೊದಲುತ್ತಿತ್ತು. ಬಂದು ಒಂದು ತಿಂಗಳಾದರೂ ಯಾರ ಮುಖವನ್ನೂ ನೋಡಿ ಮಾತಾಡಿದವರಲ್ಲ. ಬಲಗೈಯನ್ನು ಸದಾ ಟವೆಲಿನ ಕೆಳಗೆ ಬಚ್ಚಿಟ್ಟುಕೊಂಡೇ ಇರುತ್ತಿದ್ದರು.

"ಅಜ್ಜಾರ, ಬಲಗೈಲೇ ಹಾಕ್ಬೇಕ್ರಿ" ಎಂದು ಪ್ರಿಯದರ್ಶಿನಿ ನಾಲ್ಕು ಕವಡೆಗಳನ್ನು ಅವರ ಅಂಗೈಗೆ ಸುರಿದಳು.

ಕವಡೆಗಳು ಮೇಜಿಗೆ ಬೀಳಲಿಲ್ಲ. ಒಂದು ತೊಡೆಯ ಮೇಲೆ, ಒಂದು ನೆಲದ ಮೇಲೆ, ಇನ್ನೊಂದು ಪಟಾಲಮ್ಮನ ಚಪ್ಪಲಿಯೊಳಗೆ ಬಿತ್ತು. ನಾಲ್ಕನೆಯದು ಮಡಚಿದ ಬೆರಳುಗಳ ನಡುವೆಯೇ ಸಿಕ್ಕಿಕೊಂಡಿತು. ಮುನಿರಾಜ್ ಅವರ ಕಿವಿ ಕೆಂಪಾದದ್ದನ್ನು ಸುಕನ್ಯ ನೋಡಿದಳು. ಅವಮಾನ ಎಂದರೆ ಅದೇ. ಕಬ್ಬಿಣ ಬಗ್ಗಿಸಿದ ಕೈ ಈಗ ಒಂದು ಕವಡೆಯನ್ನು ಬಿಡಲಾರದೆ ಒದ್ದಾಡುತ್ತಿತ್ತು.

ಆದರೂ ಆಟ ಮುಂದುವರಿಯಿತು. ಬಾಯಿ ಮೇಲಾಗಿ ಬಿದ್ದ ಕವಡೆ ಎಷ್ಟೋ ಅಷ್ಟು ಮನೆ ನಡೆಯುವುದು, ಎದುರಾಳಿಯ ಕಾಯಿ ಇರುವ ಮನೆಗೇ ಹೋಗಿ ನಿಂತರೆ ಅದನ್ನು ಹೊಡೆದು ಮೊದಲ ಮನೆಗೆ ಓಡಿಸುವುದು, ಸುತ್ತೆಲ್ಲ ಮುಗಿಸಿ ನಡುಮನೆ ಸೇರಿದರೆ ಕಾಯಿ ಹಣ್ಣು. ಮುನಿರಾಜ್ ಬಹಳ ಹೊತ್ತಿಗೆ ಒಂದೇ ಒಂದು ಕಾಯಿಯನ್ನು ಅರ್ಧ ದಾರಿ ತಂದಿದ್ದರು. ಅದರ ಹಿಂದೆ ಮೂರು ಮನೆ ದೂರದಲ್ಲಿ ಸುಕನ್ಯಳ ಕಾಯಿ.

ಸುಕನ್ಯ ಕವಡೆ ಹಾಕಿದಳು. ಮೂರು ಬಿತ್ತು.

ತಲೆಯೆತ್ತಿದರೆ ಎದುರಿಗೆ ಅವರ ಕಣ್ಣು. ಅವರು ಆಕೆಯನ್ನು ನೋಡುತ್ತಿರಲಿಲ್ಲ, ತಮ್ಮ ಆ ಒಂಟಿ ಕಾಯಿಯನ್ನು ನೋಡುತ್ತಿದ್ದರು. ಬಾಗಿಲಲ್ಲಿ ನಿಂತು ಮಗುವನ್ನು ಸ್ಕೂಲಿಗೆ ಕಳಿಸುವವರ ಹಾಗೆ.

ಸುಕನ್ಯಳ ಕಿರುಬೆರಳು ತಾನಾಗಿಯೇ ಸರಿಯಿತು. ಒಂದು ಕವಡೆ ಮಗುಚಿತು.

"ಎರಡು" ಎಂದಳು, ಕವಡೆಗಳನ್ನು ಬಾಚಿಕೊಳ್ಳುತ್ತ.

ಮುಂದಿನ ಸುತ್ತಿನಲ್ಲಿ ಮುನಿರಾಜ್ ಅವರೇ ಆಕೆಯ ಇನ್ನೊಂದು ಕಾಯಿಯನ್ನು ಹೊಡೆದರು. ಹೊಡೆದ ಮೇಲೆ ನಕ್ಕರು. ಮುಖದ ಅರ್ಧಕ್ಕೆ ಮಾತ್ರ ಬರುವ, ಎಡಗಡೆಗೆ ವಾಲುವ ಸೊಟ್ಟ ನಗು. ಒಂದು ತಿಂಗಳಿನಿಂದ ಆ ಮನೆಯಲ್ಲಿ ಯಾರೂ ನೋಡಿರದ ನಗು. ಸುಕನ್ಯಳ ಎದೆಯಲ್ಲಿ ಏನೋ ಜಾರಿತು.

ರೂಮಿಗೆ ಹೋಗಿ ಕನ್ನಡಿ ಮುಂದೆ ನಿಂತಾಗ ಆಕೆಗೆ ತನ್ನ ಮುಖ ನೋಡಿಕೊಳ್ಳಲು ಆಗಲಿಲ್ಲ. ಮೋಸ ಮಾಡಿದ್ದಕ್ಕೆ ನಾಚಿಕೆಯೋ, ಅದರಿಂದ ಸಂತೋಷವಾಗಿದ್ದಕ್ಕೆ ನಾಚಿಕೆಯೋ ಗೊತ್ತಾಗಲಿಲ್ಲ.

ಮರುದಿನ ಮುನಿರಾಜ್ ಯಾರೂ ಕರೆಯದೆಯೇ ಹಾಲಿಗೆ ಬಂದರು.

ಆಮೇಲೆ ಅದೇ ಅಭ್ಯಾಸವಾಯಿತು. ಅವರ ಕಾಯಿ ಅಪಾಯದಲ್ಲಿದ್ದಾಗೆಲ್ಲ ಸುಕನ್ಯಳ ಕಿರುಬೆರಳು ಚುರುಕಾಗುತ್ತಿತ್ತು. ತನ್ನ ಕಾಯಿಗಳನ್ನು ಅವರ ದಾರಿಗೆ ಅಡ್ಡಲಾಗಿ ಇಡುತ್ತಿದ್ದಳು, ಹೊಡೆಯಲಿ ಎಂದು. ಕೈಯಲ್ಲಿ ಕವಡೆ ಕುಲುಕುತ್ತ ಕುಲುಕುತ್ತ ಅವರ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ನಾಲ್ಕು ಬಿದ್ದರೆ "ಚೌಕ", ನಾಲ್ಕೂ ಮಗುಚಿ ಬಿದ್ದರೆ "ಬಾರ" ಎಂದು ಕೂಗಿ ಹೇಳಬೇಕಾಗಿದ್ದರಿಂದ ನಾಲಿಗೆಯೂ ಹಿಡಿತಕ್ಕೆ ಬಂತು. ಮಾತು ಬಂದ ಮೇಲೆ ನೋಡಿದರೆ ಮನುಷ್ಯ ಮಹಾ ಕೀಟಲೆಯವರು.

"ಸುಕನ್ಯಮ್ಮ, ಬೇಜಾರ್ ಮಾಡ್ಕೋಬೇಡಿ. ಇಷ್ಟು ಕೆಟ್ಟದಾಗಿ ಆಡೋರನ್ನ ನಾನು ನೋಡೇ ಇಲ್ಲ."

"ಕಲಿಸ್ಕೊಡಿ ಹಾಗಾದ್ರೆ."

"ಫೀಸ್ ಆಗುತ್ತೆ."

"ಏನು ಫೀಸು?"

"ದಿನಾ ಇದೇ ಕುರ್ಚೀಲಿ ಕೂತ್ಕೋಬೇಕು. ಎದುರಿಗೆ."

ಹಸನ್ ಸಾಬ್ ಕೆಮ್ಮಿದರು. ಪಟಾಲಮ್ಮ, "ಆಟ ಆಡ್ತೀರೋ ಸಂಬಂಧ ಮಾತಾಡ್ತೀರೋ" ಎಂದಳು. ಸುಕನ್ಯ ಸೆರಗನ್ನು ಸರಿಮಾಡಿಕೊಂಡಳು, ಅದು ಸರಿಯಾಗಿಯೇ ಇದ್ದರೂ.

ಒಂದು ಸಂಜೆ ಗೇಟಿನ ಹತ್ತಿರ ಬಂದ ಹೂವಿನವಳಿಂದ ಮಲ್ಲಿಗೆ ಕೊಂಡಳು. ಗಂಡ ಹೋದ ಮೇಲೆ ಮುಡಿದೇ ಇರಲಿಲ್ಲ. ರೂಮಿಗೆ ಹೋಗಿ ಅಂಗೈ ಅಗಲದಷ್ಟನ್ನು ತುರುಬಿಗೆ ಸಿಕ್ಕಿಸಿ, ಆಟಕ್ಕೆ ಇಳಿಯಲು ಲಿಫ್ಟ್ ಹತ್ತಿದಳು. ಲಿಫ್ಟಿನ ಉಕ್ಕಿನ ಬಾಗಿಲಲ್ಲಿ ಕಂಡ ತನ್ನ ನೆರಳಿಗೇ ನಾಚಿ, ಕೆಳಗಿಳಿಯುವ ಮೊದಲೇ ಕಿತ್ತು ಬ್ಲೌಸಿನೊಳಗೆ ತುರುಕಿಕೊಂಡಳು.

ಆಟದ ನಡುವೆ ಮುನಿರಾಜ್ ಮೂಗರಳಿಸಿದರು. "ಎಲ್ಲೋ ಮಲ್ಲಿಗೆ ವಾಸನೆ."

"ಇಲ್ಲಪ್ಪ, ನನಗೆ ಬರ್ತಿಲ್ಲ" ಎಂದಳು ಸುಕನ್ಯ, ಕತ್ತಿನವರೆಗೂ ಬಿಸಿಯಾಗಿ.

ಅವರು ಕಣ್ಣು ಕೆಳಗೆ ಮಾಡಿ ಕವಡೆ ಕುಲುಕುತ್ತ ಮೆಲ್ಲಗೆ, "ಮುಡ್ಕೊಂಡಿದ್ರೆ ಚೆನ್ನಾಗಿರ್ತಿತ್ತು" ಎಂದರು. ಬೇರೆ ಯಾರಿಗೂ ಕೇಳಿಸಲಿಲ್ಲ.

ಯುಗಾದಿ ಕಳೆದ ಭಾನುವಾರ ಮನೆಯವರನ್ನೆಲ್ಲ ಕರೆದು ಆಟದ ಪಂದ್ಯ ಇಟ್ಟಿದ್ದರು. ಲಿಖಿತ್ ಬಂದಿದ್ದ. ಮುನಿರಾಜ್ ಅವರ ಮಗಳು ಹಂಸ ಬಂದು ಸುಕನ್ಯಳ ಎರಡೂ ಕೈ ಹಿಡಿದುಕೊಂಡಳು.

"ಆಂಟಿ, ಅಪ್ಪ ದಿನಾ ಫೋನ್ ಮಾಡ್ತಾರೆ. 'ಇವತ್ತೂ ಗೆದ್ದೆ ಕಣಮ್ಮ' ಅಂತಾರೆ. ಆಸ್ಪತ್ರೇಲಿ 'ನನ್ ಕಥೆ ಮುಗೀತು' ಅಂದಿದ್ರು ಗೊತ್ತಾ? ಈಗ ಆ ಗೆಲುವಿನ ಮೇಲೇ ಬದುಕ್ತಿದ್ದಾರೆ."

ಸುಕನ್ಯ ನಕ್ಕಳು. ಆದರೆ ಆ ಮಾತು ಎದೆಯಲ್ಲಿ ಎಲ್ಲೋ ಮುಳ್ಳಿನ ಹಾಗೆ ನಿಂತಿತು.

ಪಂದ್ಯದ ಕೊನೆಗೆ ಉಳಿದಿದ್ದು ಆಕೆ ಮತ್ತು ಮುನಿರಾಜ್ ಇಬ್ಬರೇ. ಸುತ್ತ ಜನ. ಹಂಸ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದಳು. ಸುಕನ್ಯಳ ಕೊನೆಯ ಕಾಯಿ ಹಣ್ಣಾಗಲು ಸರಿಯಾಗಿ ಒಂದೇ ಬೀಳಬೇಕಿತ್ತು, ಹೆಚ್ಚು ಬಿದ್ದರೆ ನಡೆ ಇಲ್ಲ. ಹಾಕಿದಳು. ಒಂದೇ ಬಿತ್ತು. ಕಿರುಬೆರಳು ಸರಿಯಿತು.

"ಎರಡು. ಛೆ, ಹೋಯ್ತು."

"ಏಯ್! ಒಂದು ಬಿದ್ದಿತ್ತು ಕಣಮ್ಮಿ!"

ಪಟಾಲಮ್ಮ. ಹಿಂದಿನ ವಾರವಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದಳು. ಹೊಸ ಕಣ್ಣಿಗೆ ಕವಡೆಯ ಹಲ್ಲು ಹಲ್ಲೂ ಕಾಣುತ್ತಿತ್ತು.

"ಇಲ್ಲ ಪಟಾಲಮ್ಮ, ಎರಡು" ಎಂದಳು ಸುಕನ್ಯ.

"ನನ್ ಕಣ್ಣೇನು ಸುಳ್ಳೇಳ್ತದಾ? ಒಂದೇ ಬಿದ್ದಿದ್ದು. ನೀನೇ ಬೆರಳಲ್ಲಿ ತಿರುಗಿಸ್ದೆ!"

"ವಿಡಿಯೋ ನೋಡೋಣ!" ಎಂದರು ಯಾರೋ, ಕ್ರಿಕೆಟ್ ನೋಡುವವರ ಹುಮ್ಮಸ್ಸಿನಲ್ಲಿ. ಹಂಸಳ ಫೋನಿನ ಸುತ್ತ ತಲೆಗಳು ಸೇರಿದವು. ನಿಧಾನವಾಗಿ ಓಡಿಸಿದರು. ಕಿರುಬೆರಳು ಬಂತು, ಕವಡೆ ಮಗುಚಿತು. ಎಲ್ಲರೂ ಹೋ ಎಂದು ನಕ್ಕರು.

ನಗು ಲಿಖಿತ್‌ನ ಮಾತಿಗೆ ನಿಂತಿತು. "ಅಲ್ಲ ಅಮ್ಮ, ಒಂದು ಬಿದ್ದಿದ್ರೆ ನೀನೇ ಗೆಲ್ತಿದ್ದೆ. ಸೋಲೋಕೆ ಯಾರಾದ್ರೂ ಮೋಸ ಮಾಡ್ತಾರಾ?"

ಮುನಿರಾಜ್ ಫೋನಿನಿಂದ ಕಣ್ಣೆತ್ತಿ ಸುಕನ್ಯಳನ್ನು ನೋಡಿದರು. ಆ ನೋಟದಲ್ಲಿ ಇಷ್ಟು ದಿನಗಳ ಆಟಗಳೆಲ್ಲ ಒಂದೊಂದಾಗಿ ಮಗುಚಿಕೊಳ್ಳುತ್ತಿದ್ದದ್ದು ಆಕೆಗೆ ಕಂಡಿತು.

"ದಿನಾ ಹೀಗೇ ಮಾಡ್ತಿದ್ರಾ?"

ಸುಕನ್ಯ ತಲೆ ತಗ್ಗಿಸಿದಳು.

"ನನ್ನ ಕೈ ನೋಡಿ ಕನಿಕರ ಬಂತಾ? ಭಿಕ್ಷೆ ಹಾಕಿದ್ರಾ?" ಅವರು ಬಲಗೈಯನ್ನು ಟವೆಲಿನಿಂದ ಮುಚ್ಚಿಕೊಂಡರು. "ಸ್ವಾಧೀನ ತಪ್ಪಿರೋದು ಒಂದು ಕೈ ಕಣಮ್ಮ. ಮಾನ ಅಲ್ಲ."

"ಛೋಡೋ ಭಾಯ್, ಬಿಡಿ" ಎಂದು ಹಸನ್ ಸಾಬ್ ಅವರ ಭುಜ ಹಿಡಿದರು. ಮುನಿರಾಜ್ ಕೊಡವಿಕೊಂಡರು. ಎಡಗೈಯಿಂದ ಫ್ಲೆಕ್ಸ್ ಎಳೆದರು. ಕಾಯಿಗಳು ಚೆಲ್ಲಾಪಿಲ್ಲಿಯಾದವು.

"ಹೊತ್ತು ಹೋಗ್ದೆ ಇದ್ರೆ ಟಿವಿ ನೋಡಿ. ಹೆಂಡ್ತಿ ಸತ್ತ ಗಂಡಸರ ಜೊತೆ ಆಟ ಆಡ್ಬೇಡಿ."

ಅಷ್ಟು ಜನರೆದುರು, ಹೆತ್ತ ಮಗನೆದುರು. ಸುಕನ್ಯಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಎದ್ದಳು. ಮಂಡಿ ನೋಯುತ್ತಿದ್ದರೂ ಯಾರ ಕೈಯನ್ನೂ ಹಿಡಿಯದೆ ಲಿಫ್ಟಿನವರೆಗೆ ನಡೆದಳು.

ಹಿಂದೆಯೇ ಬಂದ ಲಿಖಿತ್ ಮಂಚದ ತುದಿಯಲ್ಲಿ ಕೂತು ಕಾರಿನ ಕೀ ತಿರುಗಿಸುತ್ತಿದ್ದ. ಕೋಪವಿರಲಿಲ್ಲ ಅವನಲ್ಲಿ. ಮುಜುಗರವಿತ್ತು, ಅದು ಇನ್ನೂ ಕಷ್ಟ.

"ಜನ ನಗ್ತಿದ್ರು ಅಮ್ಮ. ಏನೇನೋ ಅಂದ್ಕೋತಾರೆ. ವೈಟ್‌ಫೀಲ್ಡ್ ಹತ್ರ ಇಂಥದ್ದೇ ಇನ್ನೊಂದು ಜಾಗ ಇದೆ. ವಿಚಾರಿಸ್ಲಾ?"

"ಹೂಂ" ಎಂದಳು ಸುಕನ್ಯ. ಮಗನ ಮುಖ ನೋಡಲಿಲ್ಲ.

ಆಮೇಲೆ ಆಕೆ ಕೆಳಗಿಳಿಯಲಿಲ್ಲ. ತಿಂಡಿ, ಊಟ ಎಲ್ಲ ರೂಮಿಗೇ ತರಿಸಿಕೊಂಡಳು. ಸಂಜೆ ಐದಕ್ಕೆ ಕೆಳಗಿನಿಂದ ಗದ್ದಲ ಕೇಳಿಬಂದರೆ ಕಿಟಕಿ ಮುಚ್ಚುತ್ತಿದ್ದಳು. ಕಣ್ಣು ಮುಚ್ಚಿದರೆ ಫೋನಿನ ಪರದೆಯ ಮೇಲೆ ತನ್ನದೇ ಕಿರುಬೆರಳು. ಅಜ್ಜಿ ಬದುಕಿದ್ದರೆ ಆ ಬೆರಳಿಗೆ ಬರೆ ಹಾಕುತ್ತಿದ್ದಳು. ಮುದುಕಿಯಾದ ಮೇಲೆ ಮಲ್ಲಿಗೆ ಕೊಂಡ ಹೆಂಗಸು. ಗಂಡಸಿನ ನಗುವಿಗೆ ಆಸೆಪಟ್ಟು ಕವಡೆ ತಿರುಗಿಸಿದ ಹೆಂಗಸು. ಬೈಯಲು ಬೇರೆ ಯಾರೂ ಬೇಕಿರಲಿಲ್ಲ, ಎಲ್ಲರ ಪರವಾಗಿ ತಾನೇ ಬೈದುಕೊಂಡಳು.

ಬುಧವಾರ ಪ್ರಿಯದರ್ಶಿನಿ ಬಂದು ಮಂಡಿ ಮಡಚಿಸಿ ನೋಡಿ ಹುಬ್ಬು ಗಂಟಿಕ್ಕಿದಳು.

"ನೋಡ್ರಿ, ಎಷ್ಟ್ ಬಿಗದೈತಿ. ಆಟ ಅಂದ್ರ ಬರೇ ಆಟ ಅನ್ಕೊಂಡೀರೇನ್ರೀ ಅಮ್ಮಾರ? ಎದ್ದು ಬರೋದು, ಬಗ್ಗೋದು, ನಗೋದು, ಜಗಳ ಆಡೋದು, ಎಲ್ಲಾ ಅದರಾಗ ಐತಿ. ನಾ ಒಬ್ಬಾಕಿ ಗುಳಿಗಿ ಕೊಟ್ಟು ಅಷ್ಟೆಲ್ಲಾ ಮಾಡ್ಲಿಕ್ಕೆ ಆಗಂಗಿಲ್ಲ."

"ನಾನು ಬರಲ್ಲಮ್ಮ. ಮುಖ ಇಲ್ಲ ನನಗೆ."

"ಅವ್ರೂ ಬರವಲ್ರು." ಪ್ರಿಯದರ್ಶಿನಿ ತನ್ನ ಚೀಲ ಎತ್ತಿಕೊಂಡಳು. "ಮಗಳ ಫೋನೂ ಎತ್ತವಲ್ರು. ಬೆರಳು ಮತ್ತ ಮುಷ್ಟಿ ಕಟ್ಟಾಕತ್ಯಾವ."

ಪ್ರಿಯದರ್ಶಿನಿ ಹೋದ ಮೇಲೆ ಸುಕನ್ಯಳಿಗೆ ಹಂಸ ಹೇಳಿದ್ದು ನೆನಪಾಯಿತು. 'ಇವತ್ತೂ ಗೆದ್ದೆ ಕಣಮ್ಮ.' ಮಗಳ ಮುಂದೆ ಒಬ್ಬ ತಂದೆ ತಲೆಯೆತ್ತಿ ಹೇಳಿದ ಒಂದೊಂದು ಮಾತನ್ನೂ ತಾನು ಸುಳ್ಳು ಮಾಡಿಬಿಟ್ಟಿದ್ದಳು. ಇಷ್ಟು ದಿನ ಆಕೆ ನಾಚಿಕೊಂಡದ್ದು ತನ್ನ ಮಾನ ಹೋಯಿತಲ್ಲ ಎಂದು. ಹೋಗಿದ್ದು ಅವರದೂ ಹೌದು. ಕಳೆದವಳು ತಾನು. ಅವರು ಆಡಿದ ಮಾತು ದೊಡ್ಡ ತಪ್ಪೇ. ಆದರೆ ತನ್ನ ತಪ್ಪು ಅದಕ್ಕಿಂತ ಹಳೆಯದು, ಮತ್ತು ಅದು ನಗುನಗುತ್ತಲೇ ಮಾಡಿದ್ದು.

ಮಾರನೆಯ ಬೆಳಿಗ್ಗೆ ತಿಂಡಿಯ ಹೊತ್ತು ಕಳೆದು ಎಲ್ಲರೂ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದಾಗ ಸುಕನ್ಯ ಕೆಳಗಿಳಿದಳು. ಮುನಿರಾಜ್ ಅವರ ರೂಮಿಗೆ ಹೋಗಿ ಬಾಗಿಲು ತಟ್ಟುವುದೆಂದು ನಿಶ್ಚಯಿಸಿದ್ದಳು. ಆದರೆ ಹಾಲಿನ ಮುಂದೆ ಹಾಯುವಾಗ ಒಳಗೆ ಕವಡೆ ಬಿದ್ದ ಸದ್ದಾಯಿತು.

ಮುನಿರಾಜ್ ಒಬ್ಬರೇ ಕೂತಿದ್ದರು. ಬಲಗೈಯ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಬಿಡಿಸಿ, ಕವಡೆ ತುಂಬಿ, ಹಾಕುತ್ತಿದ್ದರು. ಬಹಳಷ್ಟು ನೆಲಕ್ಕೆ ಬೀಳುತ್ತಿದ್ದವು. ಬಗ್ಗಿ ಎತ್ತಿಕೊಂಡು ಮತ್ತೆ ಹಾಕುತ್ತಿದ್ದರು. ಆಕೆಯನ್ನು ಕಂಡು ಕೈಯನ್ನು ಟವೆಲಿನ ಕೆಳಗೆ ಎಳೆದುಕೊಂಡರು.

"ಬನ್ನಿ" ಎಂದರು, ಗೋಡೆಯನ್ನು ನೋಡುತ್ತ.

ಸುಕನ್ಯ ನಿಂತೇ ಇದ್ದಳು. "ತಪ್ಪಾಯ್ತು ಅಂತ ಹೇಳೋಕೆ ಬಂದೆ."

"ಆ ಮಾತು ನಾನು ಹೇಳ್ಬೇಕಾದ್ದು." ಅವರು ಕವಡೆಗಳನ್ನು ಪಕ್ಕಕ್ಕೆ ಸರಿಸಿದರು. "ಅವತ್ತು ನನ್ನ ಬಾಯಲ್ಲಿ ಬಂದದ್ದು... ನಿಮ್ಮ ಮಗ ಪಕ್ಕದಲ್ಲೇ ನಿಂತಿದ್ದ. ಶೆಡ್ಡಲ್ಲಿ ಕೂಲಿಯವರನ್ನೂ ನಾನು ಹಾಗೆ ಅಂದವನಲ್ಲ. ನಿಮ್ಮ ರೂಮಿನ ತನಕ ಬಂದಿದ್ದೆ, ಸುಕನ್ಯಮ್ಮ. ಬಾಗಿಲು ತಟ್ಟೋಕೆ ಮುಖ ಇರ್ಲಿಲ್ಲ, ವಾಪಸ್ ಬಂದೆ."

"ಯಾವತ್ತು?"

"ದಿನಾ."

ಹೊರಗೆ ಪಟಾಲಮ್ಮ ಯಾರಿಗೋ ತನ್ನ ಹೊಸ ಕಣ್ಣಿನ ಪ್ರತಾಪ ಹೇಳುತ್ತಿದ್ದಳು.

ಸುಕನ್ಯ ತನ್ನ ಕುರ್ಚಿ ಎಳೆದುಕೊಂಡು ಕೂತಳು. "ಕನಿಕರ ಅಲ್ಲ ಅದು" ಎಂದಳು. "ಅದೊಂದನ್ನ ನಂಬಿ. ಕನಿಕರ ಆಗಿದ್ರೆ ಒಂದು ದಿನ ಮಾಡಿ ಬಿಡ್ತಿದ್ದೆ."

"ಮತ್ತೆ?"

ಹೇಗೆ ಹೇಳುವುದು? ಮದುವೆಯಾಗಿ ಬಾಳಿದ ಗಂಡನಿಗೂ ಇಂಥದ್ದೊಂದು ಮಾತನ್ನು ಆಕೆ ಬಾಯಿಬಿಟ್ಟು ಹೇಳಿದವಳಲ್ಲ. ಹೇಳುವ ಪ್ರಸಂಗವೇ ಬಂದಿರಲಿಲ್ಲ. ನಾಚಿಕೆ ಕಿವಿಯವರೆಗೂ ಏರಿತು. ಫ್ಲೆಕ್ಸ್ ಮೇಲಿನ ಮನೆಗಳನ್ನು ನೋಡುತ್ತ ಹೇಳಿದಳು.

"ನನ್ನ ಕಾಯಿ ಹೊಡೆದಾಗ ನೀವು ನಕ್ಕಿದ್ರಿ. ಅದನ್ನ ಇನ್ನೊಂದ್ಸಲ ನೋಡ್ಬೇಕು ಅನ್ನಿಸ್ತು. ಆಮೇಲೆ ದಿನಾ ಅನ್ನಿಸ್ತು. ಸೋತ್ರೆ ಸಿಗುತ್ತೆ ಅಂತ ಗೊತ್ತಿತ್ತು, ಸೋತೆ. ಅಷ್ಟೇ ರೀ. ನಾಚಿಕೆಗೇಡು, ಆದ್ರೆ ಅಷ್ಟೇ."

ಮುನಿರಾಜ್ ಮಗುವಿನ ಹಾಗೆ ಕೇಳಿದರು.

"ಒಂದು ಮಾತು ನಿಜ ಹೇಳಿ. ಇಷ್ಟು ದಿನದಲ್ಲಿ ಒಂದು ಆಟಾನಾದ್ರೂ ನಾನಾಗೇ ಗೆದ್ದಿದ್ನಾ?"

ಹೌದೆನ್ನುವುದು ಎಷ್ಟು ಸುಲಭವಿತ್ತು. ಒಂದು ಆಟ, ಯಾವುದೋ ಒಂದು ಸಂಜೆ. ಅವರ ಮುಖ ಅದನ್ನೇ ಬೇಡುತ್ತಿತ್ತು. ಸುಕನ್ಯ ಕಿರುಬೆರಳನ್ನು ಅಂಗೈಯೊಳಗೆ ಮಡಚಿ ಹಿಡಿದಳು.

"ಇಲ್ಲ" ಎಂದಳು. "ಒಂದೂ ಇಲ್ಲ."

"ಒಂದೂ?"

"ನೀವು ತುಂಬಾ ಕೆಟ್ಟದಾಗಿ ಆಡ್ತೀರಿ ಮುನಿರಾಜ್ ಅವ್ರೇ. ಹೊಡಿಯೋ ಆಸೆಗೆ ಹಿಂದೆ ಮುಂದೆ ನೋಡಲ್ಲ. ಯಾರೂ ಹೊಡಿಯೋಕಾಗದ ಕಟ್ಟೆ ಮನೇಲಿ ಹಾಯಾಗಿರೋ ಕಾಯೀನ ಎತ್ತಿ ಬೀದಿಗೆ ಬಿಡ್ತೀರಿ. ನಿಮ್ಮನ್ನ ಗೆಲ್ಸೋಕೆ ನಾನು ಪಟ್ಟ ಪಾಡು ನನಗೇ ಗೊತ್ತು."

ಅವರು ಆಕೆಯನ್ನು ದಿಟ್ಟಿಸಿದರು. ತುಟಿ ಅದುರಿತು. ಅಳುತ್ತಾರೆ ಎಂದುಕೊಂಡಳು. ಆದರೆ ಬಂದದ್ದು ನಗು. ಮೊದಲು ಸದ್ದಿಲ್ಲದೆ ಹೆಗಲು ಕುಲುಕಿತು, ಆಮೇಲೆ ಹಾಲೆಲ್ಲ ತುಂಬುವ ಹಾಗೆ ನಕ್ಕರು. ಸುಕನ್ಯಳಿಗೂ ನಗು ಬಂತು, ಜೊತೆಗೆ ಅಳುವೂ ಬಂತು.

"ನನ್ನ ಮಗಳಿಗೆ ಏನ್ ಹೇಳ್ಲಿ ಈಗ?" ಎಂದರು ಕಣ್ಣೊರೆಸಿಕೊಳ್ಳುತ್ತ.

"ಸೋತೆ ಅಂತ ಹೇಳಿ. ಇವತ್ತು ಸಂಜೆ ಸೋಲಿಸ್ತೀನಿ."

ಅವರು ಟವೆಲನ್ನು ಸರಿಸಿದರು. ಬಲಗೈಯನ್ನು ಎತ್ತಿ ನಿಧಾನವಾಗಿ ಮೇಜಿನ ಮೇಲಿಟ್ಟರು, ಆಕೆಯ ಕೈಯ ಪಕ್ಕದಲ್ಲಿ. "ದಿನಾ ಸೋಲಿಸಿ. ಸೋತೂ ಸೋತೂ ಒಂದಿನ ನಾನಾಗೇ ಗೆಲ್ತೀನಿ. ಅಲ್ಲಿ ತನಕ ಎದುರಿಗೆ ನೀವೇ ಇರ್ಬೇಕು. ಬೇರೆ ಯಾರಿಗೂ ಸೋಲೋಕೆ ಇಷ್ಟ ಇಲ್ಲ ನನಗೆ." ಸ್ವಲ್ಪ ತಡೆದು, "ಸುಕನ್ಯ" ಎಂದರು. ಅಮ್ಮ ಎಂಬುದು ಬಿಟ್ಟುಹೋಗಿತ್ತು. ಮರೆತು ಬಿಟ್ಟದ್ದಲ್ಲ ಎಂದು ಅವರ ಕೆಂಪಾದ ಕಿವಿ ಹೇಳುತ್ತಿತ್ತು.

ಆಕೆ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಆ ಬಿಗಿದ ಬೆರಳುಗಳ ಮೇಲೆ ತನ್ನ ಕೈಯಿಟ್ಟಳು. ಬೆಚ್ಚಗಿತ್ತು.

ಆ ಸಂಜೆ ಹಾಲಿಗೆ ಕಾಲಿಡುವಾಗ ಸುಕನ್ಯಳಿಗೆ ಎಲ್ಲರ ಕಣ್ಣೂ ತನ್ನ ಬೆನ್ನ ಮೇಲಿದೆ ಎನಿಸಿತು. ಇತ್ತು ಕೂಡ. ಪಟಾಲಮ್ಮ ಕವಡೆ ಕೊಡುವ ಮೊದಲು, "ಬೆರಳೆಲ್ಲಾ ಮ್ಯಾಲಿಡಮ್ಮಿ, ಕಾಣೋ ಹಂಗೆ" ಎಂದಳು. ಹಸನ್ ಸಾಬ್ ಮಾತ್ರ ಮೆಲ್ಲಗೆ, "ನಾನು ಮೊದಲನೇ ದಿನಾನೇ ನೋಡಿದ್ದೆ ಬೆಹನ್. ಸುಮ್ನೆ ಇದ್ದೆ. ಒಳ್ಳೆ ಹೊಲಿಗೆ ಬಿಚ್ಚಬಾರದು" ಎಂದರು. ಸುಕನ್ಯಳಿಗೆ ಇನ್ನಷ್ಟು ನಾಚಿಕೆಯಾಯಿತು. ಆದರೂ ಆಡಿದಳು. ದೊಡ್ಡಮುನಿಯಮ್ಮನ ಮೊಮ್ಮಗಳ ಹಾಗೆಯೇ ಆಡಿದಳು. ಮುನಿರಾಜ್ ಅವರ ಒಂದು ಕಾಯಿಯೂ ಹಣ್ಣಾಗಲಿಲ್ಲ.

ಭಾನುವಾರ ಲಿಖಿತ್ ಖಾಲಿ ರಟ್ಟಿನ ಡಬ್ಬಗಳನ್ನು ಹಿಡಿದುಕೊಂಡು ಬಂದ. ತಾಯಿ ರೂಮಿನಲ್ಲಿ ಇರಲಿಲ್ಲ. ಹಾಲಿನಲ್ಲಿ ಆ ಮೇಜಿನಲ್ಲೇ, ಆ ಮನುಷ್ಯರ ಎದುರಿಗೇ ಇದ್ದಳು. ಹಂಸ ಆಗಲೇ ಬಂದು ಅಪ್ಪನ ಪಕ್ಕ ಕೂತಿದ್ದಳು. ಮಗನನ್ನು ಕಂಡು ಸುಕನ್ಯ ಎದ್ದು ಬಾಗಿಲಿಗೆ ಬಂದಳು.

"ಪ್ಯಾಕ್ ಮಾಡಿಲ್ವಾ ಅಮ್ಮ?"

"ಇಲ್ಲ ಕಣೋ. ನಾನು ಬರಲ್ಲ."

ಲಿಖಿತ್ ಡಬ್ಬಗಳನ್ನು ಕೆಳಗಿಟ್ಟ. ಸ್ವಲ್ಪ ಹೊತ್ತು ತನ್ನ ಶೂ ನೋಡಿಕೊಂಡ. "ಆ ವಿಡಿಯೋನ ಹಂಸ ಅವ್ರ ಹತ್ರ ಇಸ್ಕೊಂಡು ಮನೇಲಿ ಮತ್ತೆ ನೋಡ್ದೆ. ಎಲ್ಲರೂ ನಿನ್ನ ಬೆರಳು ನೋಡ್ತಿದ್ರು. ನಾನು ನಿನ್ನ ಮುಖ ನೋಡ್ದೆ."

ಸುಕನ್ಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಅಪ್ಪ ಇದ್ದಾಗ್ಲೂ ನಿನ್ನ ಮುಖ ಹಾಗೆ ನೋಡಿರ್ಲಿಲ್ಲ" ಎಂದ. ಅವನ ಧ್ವನಿಯಲ್ಲಿ ದೂರೂ ಇತ್ತು, ಇನ್ನೇನೋ ಇತ್ತು. "ಅವ್ರು ಅಷ್ಟು ಜನರ ಮುಂದೆ ಹಾಗಂದ್ರು. ಆದ್ರೂ ಅವ್ರ ಎದುರಿಗೇ ಕೂತಿದ್ದೀಯ. ನಿನಗೆ ನಾಚಿಕೆ ಆಗಲ್ವಾ ಅಮ್ಮ?"

ಆಕೆ ಸುಳ್ಳು ಹೇಳಲಿಲ್ಲ.

"ಆಗುತ್ತಪ್ಪ. ತುಂಬಾ ಆಗುತ್ತೆ. ಲಿಫ್ಟ್ ಇಳಿಯೋವಾಗ ಆಗುತ್ತೆ, ಕುರ್ಚಿ ಎಳ್ಕೊಳ್ಳೋವಾಗ ಆಗುತ್ತೆ. ನಿನ್ನ ಮುಂದೆ ನಿಂತು ಇದನ್ನ ಹೇಳೋವಾಗ್ಲಂತೂ ಸತ್ತೋಗೋಣ ಅನ್ನಿಸ್ತಿದೆ." ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಆದ್ರೆ ಐದು ಗಂಟೆ ಆಯ್ತು ಅಂದ್ರೆ ಕಾಲು ನಿಲ್ಲಲ್ಲ ಕಣೋ. ಏನ್ ಮಾಡ್ಲಿ ಹೇಳು."

ಲಿಖಿತ್ ಖಾಲಿ ಡಬ್ಬಗಳನ್ನು ಕಾಲಿನಿಂದ ಗೋಡೆಯ ಕಡೆಗೆ ಸರಿಸಿದ.

"ಸುಕನ್ಯಾ!" ಹಾಲಿನೊಳಗಿಂದ ಮುನಿರಾಜ್ ಕೂಗಿದರು, ಎಲ್ಲರಿಗೂ ಕೇಳಿಸುವ ಹಾಗೆ. "ಆಟ ನಿಂತಿದೆ. ಸರದಿ ನಿಮ್ದು."

ಯಾರೋ ಕಿಸಕ್ಕೆಂದರು. ಹಂಸ ಬಾಯಿಗೆ ಕೈ ಅಡ್ಡ ಹಿಡಿದಳು. ಸುಕನ್ಯಳ ಮುಖಕ್ಕೆ ರಕ್ತ ನುಗ್ಗಿತು. ಮಗನ ಮುಖವನ್ನು ನೋಡಲಾರದೆ ನೋಡಿ, "ಬಂದೆ ಇರ್ರೀ" ಎಂದು ಒಳಗೆ ನಡೆದಳು.